ಪೀಪಾಯಿ ಮಾತಾಡುವ ತನಕ

ಬೆಟ್ಟದ ಮನೆ
ಫೆಬ್ರವರಿ ೯

ಬಯಲಿನ ಸಾಹುಕಾರರಿಗೆ,

ಕಾಗದಪತ್ರದ ಪ್ರಕಾರ ಇನ್ನೂ ನಿಮ್ಮ ಹೆಂಡತಿಯಾಗಿರುವವಳು ಮಾಡುವ ನಮಸ್ಕಾರ. ನಿಮ್ಮ ತಾಯಿ ಕ್ಷೇಮ. ನಾನೂ ಕ್ಷೇಮ. ನೀವು ಕ್ಷೇಮವಾಗಿರುವುದು ನಿಮ್ಮ ಪತ್ರದ ಧಾಟಿಯಲ್ಲೇ ಗೊತ್ತಾಯಿತು. ಸಿಟ್ಟು ಬಂದಾಗ ಮಾತ್ರ ನಾನು ನಿಮ್ಮನ್ನು ಬಹುವಚನದಲ್ಲಿ ಮಾತಾಡಿಸುತ್ತೇನೆ ಎಂಬುದು ನೆನಪಿದ್ದರೆ, ಮುಂದಿನದನ್ನು ಕುಳಿತುಕೊಂಡು ಓದಿ.

ಆಗುವುದಿಲ್ಲ.

ನೀವು ಕೇಳಿದ್ದಕ್ಕೆಲ್ಲ ಇದೊಂದೇ ಉತ್ತರ. ನೆಲಮಾಳಿಗೆಯಲ್ಲಿ ಒಲೆ ಹಚ್ಚುವುದಿಲ್ಲ. ರಸ್ತೆಯ ಹಿಮ ಕರಗಿದ ಮೇಲೆ ನೀವು ಟ್ಯಾಂಕರಿನಲ್ಲಿ ಕಳಿಸುವ ಕಪ್ಪು ವೈನನ್ನು ನನ್ನ ಪೀಪಾಯಿಗಳಿಗೆ ಬೆರೆಸುವುದಿಲ್ಲ. ಬೆರೆಸದಿದ್ದರೆ ಮೇಲಿನ ಇಳಿಜಾರಿನ ಕೆಂಪು ಬಳ್ಳಿಗಳ ತಲೆ ಕತ್ತರಿಸಿ ಬಿಳಿ ದ್ರಾಕ್ಷಿ ಕಸಿ ಮಾಡಿಸುತ್ತೇನೆ ಎಂದು ಹೆದರಿಸಿದ್ದೀರಲ್ಲ, ಅದನ್ನೂ ನಡೆಯಗೊಡುವುದಿಲ್ಲ. ತೋಟದಲ್ಲಿ ಅರ್ಧ ನಿಮ್ಮದು, ಒಪ್ಪಿದೆ. ಯಾವ ಅರ್ಧ ಎಂದು ಇನ್ನೂ ಯಾರೂ ಗೆರೆ ಎಳೆದಿಲ್ಲ.

ನಡೆದದ್ದೇನು ಎಂದು ನಿಮಗೇ ಹೇಳಬೇಕಾಗಿ ಬಂದಿರುವುದು ತಮಾಷೆ. ಆದರೆ ನಿಮ್ಮ ಪತ್ರದಲ್ಲಿ ಅದು ಎಷ್ಟು ನಯವಾಗಿ ಕಾಣಿಸುತ್ತದೆಂದರೆ, ಓದುತ್ತಾ ನನಗೇ ನಿಮ್ಮ ಮೇಲೆ ಕನಿಕರ ಹುಟ್ಟಿತು. ಡಿಸೆಂಬರಿನಲ್ಲಿ ನಾನು ಅತ್ತೆಯನ್ನು ಕಣ್ಣಿನ ಪೊರೆ ತೆಗೆಸಲು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆ ಹೊತ್ತು ನೋಡಿಕೊಂಡು ನೀವು ಬಂದಿರಿ. ಹಳೆಯ ಕೀಲಿಕೈ ನಿಮ್ಮಲ್ಲೇ ಇತ್ತು. ನೆಲಮಾಳಿಗೆಗೆ ಇಳಿದು, ಗೋಡೆ ಪಕ್ಕದ ಪೀಪಾಯಿಯ ಬಿರಡೆ ಕಿತ್ತು, ಒಂದು ಹೂಜಿ ವೈನ್ ತುಂಬಿಕೊಂಡು ಹೋದಿರಿ. ಬಿರಡೆ ಓರೆಯಾಗಿ ಕೂತಿದ್ದನ್ನು ನೋಡಿಯೇ ಯಾರ ಕೈ ಎಂದು ಗೊತ್ತಾಯಿತು. ವರ್ಷಗಟ್ಟಲೆ ನಿಮ್ಮ ಹಿಂದೆ ಬಿರಡೆ ನೆಟ್ಟಗೆ ಮಾಡಿಕೊಂಡು ತಿರುಗಿದವಳು ನಾನು. ಆ ಹೂಜಿಯನ್ನು ವ್ಯಾಪಾರ ಕುದುರಿಸಲೆಂದು ನೇರವಾಗಿ ದೊಡ್ಡ ಹೋಟೆಲಿನ ಯಜಮಾನಿಯ ಮುಂದೆ ಇಟ್ಟಿರಿ. ಅವರು ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿಕೊಂಡರು. ನಿಮಗೆ ಅವಮಾನವಾಯಿತು. ತಕ್ಷಣ, ಯೋಚನೆ ಮಾಡಬೇಡಿ, ನನ್ನ ವೈನ್ ಸೇರಿಸಿ ಇದಕ್ಕೆ ಬಣ್ಣ ಬರಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿರಿ. ಕೊಟ್ಟ ಮಾತು ನಿಮ್ಮದು. ಪೀಪಾಯಿ ನನ್ನದು.

ಬೇರೆ ಯಾರೇ ಈ ತಪ್ಪು ಮಾಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಈ ಮನೆಯಲ್ಲಿ ಹುಟ್ಟಿದವರು ನೀವು. ಪೀಪಾಯಿ ಮಾತಾಡುವ ತನಕ ಕೆಂಪು ವೈನನ್ನು ಹೊಸ್ತಿಲು ದಾಟಿಸಬಾರದು ಎಂಬ ಕಟ್ಟಳೆ ನನ್ನ ತವರಿನದಲ್ಲ, ನಿಮ್ಮ ಮನೆಯದು. ಕೊಯ್ಲಾದ ಕೂಡಲೇ ಸಕ್ಕರೆ ಕರಗಿ ಅಮಲಾಗುವುದು ಮೊದಲ ಹುದುಗು. ಹುಳಿಯನ್ನು ಮೆತ್ತಗೆ ಮಾಡುವುದು ಎರಡನೆಯದು. ನಿಮ್ಮ ಬಯಲಿನ ಸೆಕೆಯಲ್ಲಿ ಎರಡೂ ಒಂದರ ಬೆನ್ನಿಗೊಂದು ಮುಗಿದುಹೋಗುತ್ತವೆ. ಇಲ್ಲಿ ಚಳಿ ನಡುವೆ ಬಂದು ಕೂರುತ್ತದೆ. ವೈನ್ ಅರ್ಧ ಕೆಲಸಕ್ಕೇ ಮಲಗಿಬಿಡುತ್ತದೆ. ವಸಂತದಲ್ಲಿ ನೆಲಮಾಳಿಗೆಯ ಗೋಡೆ ಬೆಚ್ಚಗಾದಾಗ ತಾನಾಗಿ ಎಚ್ಚರವಾಗಿ ಉಳಿದ ಕೆಲಸ ಮುಗಿಸುತ್ತದೆ. ಆಗ ಪೀಪಾಯಿಗೆ ಕಿವಿ ಇಟ್ಟರೆ ಒಳಗೆ ಚಿಟಿಚಿಟಿ ಸದ್ದು. ಅಲ್ಲಿಯವರೆಗೆ ಕುಡಿದವರ ಹಲ್ಲು ಜುಮ್ಮೆನ್ನುವುದು ವೈನಿನ ದೋಷವಲ್ಲ, ಕುಡಿದವರ ಅವಸರ. ಆರು ವರ್ಷ ಬಯಲಿನಲ್ಲಿದ್ದು ಇದನ್ನೇ ಮರೆತಿರಾ? ನಿದ್ದೆಗಣ್ಣಿನಲ್ಲಿದ್ದವಳನ್ನು ಎಬ್ಬಿಸಿ ಎಳೆದುಕೊಂಡು ಹೋಗಿ ನಾಲ್ಕು ಜನರ ಮುಂದೆ ಹಾಡು ಅಂದ ಹಾಗಾಯಿತು.

ಒಲೆ ಹಚ್ಚಿ ಬೇಗ ಎಬ್ಬಿಸು ಅನ್ನುತ್ತೀರಿ. ನಿಮ್ಮ ತಂದೆ ಒಂದು ವರ್ಷ ಹಾಗೆ ಮಾಡಿದ್ದರಂತೆ. ಆ ವರ್ಷದ ವೈನಿನಲ್ಲಿ ತಳ ಹಿಡಿದ ಜಾಮಿನ ವಾಸನೆ ಬಂದು, ಅತ್ತೆ ಅದನ್ನು ಪಾತ್ರೆಯ ಜಿಡ್ಡು ತೆಗೆಯಲು ಬಳಸಿದರಂತೆ. ಈಗಲೂ ಆ ಮಾತು ಬಂದರೆ ಮೂಗು ಮುರಿಯುತ್ತಾರೆ.

ಇನ್ನು ಬಣ್ಣದ ವಿಷಯ. ತೆಳು, ತೆಳು, ತೆಳು ಎಂದು ಒಂದೇ ಪುಟದಲ್ಲಿ ಎಷ್ಟು ಸಲ ಬರೆದಿದ್ದೀರಿ! ಹೌದು, ತೆಳುವೇ. ಗ್ಲಾಸಿನ ಆಚೆ ಹಿಡಿದ ಬೆರಳು ಈಚೆಯಿಂದ ಕಾಣುತ್ತದೆ. ಅದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ? ಬಯಲಿನಲ್ಲಿ ಕೊಯ್ಲು ಮುಗಿದು ಬುಟ್ಟಿ ತೊಳೆದಿಟ್ಟ ಮೇಲೂ ನಮ್ಮ ಇಳಿಜಾರಿನ ಗೊಂಚಲುಗಳು ಮಂಜಿನಲ್ಲಿ ನೇತಾಡುತ್ತಿರುತ್ತವೆ. ಹಗಲು ಸಿಕ್ಕಷ್ಟು ಬಿಸಿಲು ಕುಡಿದು, ಕತ್ತಲಾದ ಮೇಲೆ ಚಳಿಗೆ ಮೈ ಬಿಗಿಹಿಡಿದು, ತಮ್ಮ ಹುಳಿಯನ್ನು ಬಿಟ್ಟುಕೊಡದೆ ನಿಧಾನಕ್ಕೆ ಹಣ್ಣಾಗುತ್ತವೆ. ಆದ್ದರಿಂದಲೇ ಆ ವೈನಿಗೆ ಒಂದು ಬೆನ್ನೆಲುಬಿದೆ. ಮೂಗಿನ ಹತ್ತಿರ ತಂದರೆ ಹುಳಿ ಚೆರ್ರಿ, ಮಳೆ ನಿಂತ ಮೇಲಿನ ಒದ್ದೆ ಎಲೆ. ನುಂಗಿದ ಮೇಲೆ, ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, ನಾಲಗೆಯ ಹಿಂದೆ ಕಾಳುಮೆಣಸಿನ ಸಣ್ಣ ಚುರುಕು. ಆ ಮೆಣಸು ನಮ್ಮ ಮೇಲಿನ ಇಳಿಜಾರಿನ ಹಳೆಯ ಬಳ್ಳಿಗಳಿಗೆ ಬಿಟ್ಟರೆ ಸುತ್ತ ಯಾರ ತೋಟದ ಬಳ್ಳಿಗೂ ಇಲ್ಲ. ಬಾಯಿ ಚೊಕ್ಕಟವಾಗುತ್ತದೆ, ಹಸಿವಾಗುತ್ತದೆ, ಇನ್ನೊಂದು ಗುಟುಕು ಬೇಕೆನಿಸುತ್ತದೆ. ನಿಮ್ಮದು ಬಂದ ಕೂಡಲೇ ಹೆಗಲ ಮೇಲೆ ಕೈ ಹಾಕಿ, ಜೋರಾಗಿ ನಕ್ಕು, ಸೋಫಾದ ಅರ್ಧ ಜಾಗ ಆಕ್ರಮಿಸುವ ನೆಂಟ. ಒಂದು ಗ್ಲಾಸಿಗೆ ಖುಷಿ, ಎರಡನೆಯದಕ್ಕೆ ನಿದ್ದೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಇದು ತಿಳಿಯುತ್ತಿರಲಿಲ್ಲ. ಬೆಚ್ಚಗಿನ ಊರಿನಲ್ಲಿ ಬೆಳೆದವಳು. ಅತ್ತೆ ಮೊದಲ ಸಲ ಗ್ಲಾಸು ಕೈಗಿಟ್ಟಾಗ, ಸೊಸೆಗೆ ಸಾಕು ಅಂತ ನೀರು ಬೆರೆಸಿದ್ದಾರೆ ಎಂದುಕೊಂಡು ಒಳಗೊಳಗೇ ಕುದ್ದೆ. ಆಮೇಲೆ ನೀವು ಕದ್ದು ಅಡುಗೆಮನೆಗೆ ಬಂದು, ಬಾಣಲೆಯಿಂದ ಹುರಿದ ಅಣಬೆ ಎರಡು ತೆಗೆದು ನನ್ನ ಬಾಯಿಗಿಟ್ಟು, ಈಗ ಕುಡಿ ಅಂದಿರಿ. ಮೊದಲ ಗುಟುಕಿಗೆ ಇದು ಏನೂ ಹೇಳಲ್ಲ, ಮೂರನೇದಕ್ಕೆ ಕಿವಿ ಕೊಡು ಅಂದಿರಿ. ಕೊಟ್ಟೆ. ಈ ವೈನನ್ನು ನನಗೆ ಹಿಡಿಸಿದವರು ನೀವು. ಹಿಡಿಸಿ, ನನ್ನ ಕೈಗೆ ಕೊಟ್ಟು, ನೀವು ಎದ್ದುಹೋದಿರಿ. ಹೋಗುವ ಹೊತ್ತಿಗೆ ನನ್ನನ್ನೂ ಹುಳಿ ಎಂದೇ ಕರೆಯುತ್ತಿದ್ದಿರಿ. ಅದನ್ನು ನಾನು ಮರೆತಿದ್ದೇನೆ ಎಂದು ಬರೆಯಬೇಕೆಂದು ಕೂತೆ, ಪೆನ್ನು ಒಪ್ಪುತ್ತಿಲ್ಲ.

ಈ ವರ್ಷದ ವೈನ್ ಬಹಳ ಚೆನ್ನಾಗಿದೆ. ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಟ್ಯಾಂಕರ್ ಕಳಿಸಿ ಡೀಸೆಲ್ ದಂಡ ಮಾಡಿಕೊಳ್ಳಬೇಡಿ.

ಇಂತಿ,
ಬೆಟ್ಟದ ಹುಳಿ

ತಾ.ಕ.: ಕೀಲಿಕೈ ವಾಪಸ್ ಕಳಿಸಿ. ಮನೆ ಬಿಟ್ಟು ಹೋಗುವಾಗ ರೇಡಿಯೋ ಒಯ್ದಿರಿ, ನನ್ನ ಒಳ್ಳೆಯ ಛತ್ರಿಯನ್ನೂ ಒಯ್ದಿರಿ, ಸುಮ್ಮನಿದ್ದೆ. ಅದೇ ಚಳಿಗಾಲ ಮೇಲಿನ ಇಳಿಜಾರಿನ ಬಳ್ಳಿ ಸವರಿ ಗೋಡೆ ಬದಿಗೆ ಇಟ್ಟಿದ್ದ ಕಡ್ಡಿಗಳ ದೊಡ್ಡ ಕಟ್ಟೊಂದು ಕಾಣೆಯಾಯಿತು. ಅದನ್ನು ಮಾತ್ರ ನಿಮ್ಮ ಲೆಕ್ಕಕ್ಕೆ ಹಾಕಿಲ್ಲ. ಅತ್ತೆ ಒಲೆಗೆ ಹಾಕಿದರೆಂದು ಇವತ್ತಿಗೂ ಅವರನ್ನು ಕಾಡಿಸುತ್ತೇನೆ. ಅವರು ಇವತ್ತಿಗೂ ಇಲ್ಲ ಅನ್ನುತ್ತಾರೆ.


ಬಯಲು
ಮಾರ್ಚ್ ೨

ಬೆಟ್ಟದ ರಾಣಿಗೆ,

ನಿನ್ನ ಪತ್ರ ಓದಿದೆ. ಕುಳಿತುಕೊಂಡೇ ಓದಿದೆ. ನೀನು ನನ್ನನ್ನು ಬೈಯುವಾಗ ನಿನ್ನ ಅಕ್ಷರ ದುಂಡಗಾಗುತ್ತದೆ, ಗಮನಿಸಿದ್ದೀಯಾ? ಪ್ರೀತಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಕಾಗೆ ಕಾಲು, ಗುಬ್ಬಿ ಕಾಲು ಇರುತ್ತಿತ್ತು.

ಕಟ್ಟಳೆ ಮರೆತೆ, ನಿಜ. ಹೂಜಿ ಹಿಡಿದುಕೊಂಡು ಬೆಟ್ಟ ಇಳಿಯುವಾಗ ಒಂದು ಸಲವೂ ಹೊಳೆಯಲಿಲ್ಲ. ಆ ಹೋಟೆಲಿನ ಯಜಮಾನಿಯ ಮುಖ ನೋಡಿದಾಗ ಹೊಳೆಯಿತು. ಅಷ್ಟು ಹೊತ್ತಿಗೆ ನನ್ನ ಬಾಯಿ ಮಾತು ಕೊಟ್ಟಾಗಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ, ನನಗಿಂತ ಎರಡು ಹೆಜ್ಜೆ ಮುಂದೆ ಹೋಗುತ್ತದೆ.

ಆದರೆ ಒಂದು ಕೇಳುತ್ತೇನೆ, ಸಿಟ್ಟಾಗದೆ ಹೇಳು. ದಿನವೆಲ್ಲ ದುಡಿದು ದಣಿದು ಬಂದವನು ಒಂದು ಗ್ಲಾಸು ಎತ್ತಿಕೊಂಡರೆ, ಅವನಿಗೆ ಪರೀಕ್ಷೆ ಕೊಡುವ ವೈನ್ ಯಾಕೆ? ಮೂರನೇ ಗುಟುಕಿನವರೆಗೆ ಕಾಯಿ, ಅಣಬೆ ಹುರಿ, ವಸಂತ ಬರಲಿ, ಗೋಡೆ ಬೆಚ್ಚಗಾಗಲಿ. ಇಷ್ಟೆಲ್ಲ ಕರಾರು ಹಾಕಿದರೆ ಕುಡಿಯುವವನು ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ನನ್ನದು ಬಿಸಿಲು ತುಂಬಿದ ವೈನ್. ಕುಡಿದವರು ನಗುತ್ತಾರೆ. ನಗಿಸುವುದು ಸಣ್ಣ ಕೆಲಸವಲ್ಲ.

ನೀನು ಕಾಯುವುದನ್ನೇ ಒಂದು ಕಸುಬು ಮಾಡಿಕೊಂಡೆ. ನನ್ನ ಕೈಲಿ ಆಗಲಿಲ್ಲ. ಸತತವಾಗಿ ಎರಡು ವಸಂತ ಚಿಗುರೆಲ್ಲ ಹಿಮಕ್ಕೆ ಕಪ್ಪಾದದ್ದನ್ನು ನೋಡಿ, ಮೂರನೆಯದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಬಂದೆ. ನಿನಗೆ ಹೆದರಿ ಬಂದೆ ಎಂದು ಜನ ಆಡಿಕೊಂಡದ್ದು ಅರ್ಧ ಮಾತ್ರ ನಿಜ.

ಮಾತು ಕೊಟ್ಟಾಗಿದೆ. ಹತ್ತು ಪಾಲಿಗೆ ಮೂರು ಪಾಲು ನನ್ನ ವೈನ್ ಸೇರಿಸು, ಅಷ್ಟೇ. ಒಂದು ವರ್ಷದ ಮಟ್ಟಿಗೆ. ಇಲ್ಲವಾದರೆ ನನಗೂ ಬೇರೆ ದಾರಿಯಿಲ್ಲ, ಕಸಿ ಕಟ್ಟುವವನಿಗೆ ಜೂನ್ ತಿಂಗಳಿಗೆ ಬರಲು ಹೇಳಿದ್ದೇನೆ. ರಸ್ತೆ ತೆರೆದ ದಿನವೇ ಟ್ಯಾಂಕರ್ ಬರುತ್ತದೆ. ಡ್ರೈವರ್ ಒಳ್ಳೆಯವನು, ಅವನ ಮೇಲೆ ಹಾಯಬೇಡ.

ಇಂತಿ,
ನಿನ್ನ ನೆಂಟ, ಸೋಫಾದ ಅರ್ಧ ಜಾಗದವನು

ತಾ.ಕ.: ಅಮ್ಮನ ಎಡಗಿವಿ ಮಂದವಾಗಿದೆಯೆಂದು ಆಸ್ಪತ್ರೆಯವರು ಹೇಳಿದರಂತೆ, ನನ್ನ ಕಿವಿಗೂ ಬಿತ್ತು. ಪೀಪಾಯಿ ಮಾತಾಡಿತು ಎಂದು ಅವರು ಹೇಳಿದರೆ ಎರಡು ಸಲ ಕೇಳಿಸಿಕೊಂಡು ನಂಬು. ಅವರಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನನ್ನ ಹೆಸರು ಹೇಳಬೇಡ, ನೀನೇ ಕೊಂಡದ್ದು ಅನ್ನು.


ಬೆಟ್ಟದ ಮನೆ
ಜೂನ್ ೪

ಬಯಲಿನ ಸಾಹುಕಾರರಿಗೆ, ಮತ್ತೊಮ್ಮೆ,

ಕಾಲುಚೀಲ ನೀವು ಕಳಿಸಿದ್ದೆಂದು ಪೊಟ್ಟಣ ಬಿಚ್ಚುತ್ತಲೇ ಹೇಳಿದೆ. ನಿಮ್ಮ ಪುಣ್ಯವನ್ನು ನಾನು ಯಾಕೆ ಕಟ್ಟಿಕೊಳ್ಳಲಿ? ಅತ್ತೆ ಅವನ್ನು ಹಾಕಿಕೊಂಡು, ಅಳತೆ ದೊಡ್ಡದಾಯ್ತು, ಅವನಿಗೆ ನನ್ನ ಕಾಲು ಮರೆತೋಗಿದೆ ಅಂದರು. ಆದರೆ ಬಿಚ್ಚಿಲ್ಲ.

ಟ್ಯಾಂಕರ್ ಬಂದದ್ದು, ತುಂಬಿಕೊಂಡೇ ವಾಪಸಾದದ್ದು ನಿಮಗೆ ಡ್ರೈವರಿನಿಂದ ಗೊತ್ತಾಗಿದೆ. ಅವನು ಏನು ಹೇಳಿದನೋ ನಾನರಿಯೆ. ನಾನು ಹೇಳುವುದು ಇದು.

ಈ ವರ್ಷ ವಸಂತ ತಡವಾಯಿತು. ರಸ್ತೆ ತೆರೆದರೂ ನೆಲಮಾಳಿಗೆಯ ಗೋಡೆ ಮುಟ್ಟಿದರೆ ಕೈ ಜೋಮು ಹಿಡಿಯುತ್ತಿತ್ತು. ಅತ್ತೆ ಬೆಳಿಗ್ಗೆ ಎದ್ದು ಮುಖ ತೊಳೆದವರೇ ಕೆಳಗಿಳಿದು, ಬಲಗಿವಿಯನ್ನು ಒಂದೊಂದೇ ಪೀಪಾಯಿಗೆ ಒತ್ತಿ, ಮೇಲೆ ಬಂದು ತಲೆಯಾಡಿಸುತ್ತಿದ್ದರು. ಅವರ ಕಿವಿಯನ್ನು ನಂಬದೆ ನಾನೂ ಇಳಿಯುತ್ತಿದ್ದೆ. ಒಳಗೆ ಸುಡುಗಾಡು ಮೌನ. ಅನುಮಾನವೇ ಇಲ್ಲ ಎಂದು ಫೆಬ್ರವರಿಯಲ್ಲಿ ಬರೆದಿದ್ದೆನಲ್ಲ, ಆಗಲೇ ಅದು ಸುಳ್ಳಾಗಿತ್ತು. ಏಪ್ರಿಲಿನಲ್ಲಿ ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಕಡ್ಡಿಪೆಟ್ಟಿಗೆ, ನಾಲ್ಕು ಸೌದೆ ಹಿಡಿದುಕೊಂಡು ಕೆಳಗಿಳಿದೆ. ಒಲೆಯ ಬಾಯಿ ತೆರೆದೆ. ಸೌದೆ ಜೋಡಿಸಿದೆ. ಆಮೇಲೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಿಮ್ಮ ಮುಖ ನೆನೆಸಿಕೊಂಡೆ. ನಾನು ಒಲೆ ಹಚ್ಚಿದೆ ಎಂದು ತಿಳಿದರೆ ನಿಮ್ಮ ಮೀಸೆಯಡಿ ಬರುವ ನಗು ಕಣ್ಣಿಗೆ ಕಟ್ಟಿತು. ಸೌದೆ ಎತ್ತಿಕೊಂಡು ಮೇಲೆ ಬಂದು ಅದರಲ್ಲೇ ಚಹಾ ಕಾಯಿಸಿದೆ. ಛಲಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಟ್ಯಾಂಕರ್ ಬಂದ ಬೆಳಿಗ್ಗೆಯೂ ಪೀಪಾಯಿ ಬಾಯಿ ಬಿಟ್ಟಿರಲಿಲ್ಲ. ಅದರ ಹಾರ್ನು ತಿರುವಿನಲ್ಲಿ ಕೇಳಿದಾಗ ನಾನು ಒಂದು ಚಮಚ ವೈನ್ ತೆಗೆದು ನಾಲಗೆಗೆ ಹಾಕಿಕೊಂಡೆ. ಹುಳಿಯೆಂದರೆ ಹುಳಿ. ಕಣ್ಣಲ್ಲಿ ನೀರು ಬಂತು. ಆ ಕ್ಷಣ ನಿಮ್ಮ ಕಪ್ಪು ವೈನ್ ಮೂರು ಪಾಲು ಹೊಯ್ದಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಯಜಮಾನಿಗೆ ಸಂತೋಷ, ನಿಮಗೆ ಮರ್ಯಾದೆ, ನನಗೆ ನಿದ್ದೆ. ನನ್ನ ಕೈಯಲ್ಲಿ ಸಾಕ್ಷಿ ಅಂತ ಒಂದು ಹನಿ ಇರಲಿಲ್ಲ. ಹಾಗಿದ್ದೂ ಬೇಡ ಅಂದೆ. ಇದನ್ನು ನೀವು ಸರಿಯಾಗಿ ತಿಳಿಯಬೇಕು. ವೈನ್ ಚೆನ್ನಾಗಿದೆ ಎಂದು ಗೊತ್ತಿದ್ದು ನಾನು ಹಟ ಹಿಡಿಯಲಿಲ್ಲ. ಅದು ಚೆನ್ನಾಗಲಿ, ಚೆನ್ನಾಗದೆ ಇರಲಿ, ತನ್ನ ಕೆಲಸ ತಾನು ಮುಗಿಸುವ ತನಕ ಅದರ ಬಾಯಿಗೆ ಇನ್ನೊಬ್ಬರ ಮಾತು ತುರುಕಲು ಬಿಡುವುದಿಲ್ಲ ಎಂದು ಹಟ ಹಿಡಿದೆ. ನನಗೂ ಯಾರಾದರೂ ಅಷ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು.

ಡ್ರೈವರ್ ಒಳ್ಳೆಯವನೇ. ನಾನು ಹಾಯಲಿಲ್ಲ. ಹಾಯುವ ಅಗತ್ಯವೇ ಬರಲಿಲ್ಲ. ಅವನು ಪೈಪು ಬಿಚ್ಚಿಕೊಂಡು ನೆಲಮಾಳಿಗೆಯ ಬಾಗಿಲಿಗೆ ಬರುವಷ್ಟರಲ್ಲಿ ನಿಮ್ಮ ತಾಯಿ ಅಡುಗೆಮನೆಯ ಕುರ್ಚಿ ತಂದು ಹೊಸ್ತಿಲಿಗೆ ಅಡ್ಡ ಹಾಕಿಕೊಂಡು, ಮಡಿಲಲ್ಲಿ ಬಟಾಣಿಯ ಬುಟ್ಟಿ ಇಟ್ಟುಕೊಂಡು, ಸುಲಿಯುತ್ತಾ ಕೂತಿದ್ದರು. ಅವನು, ಅಜ್ಜಿ ಸ್ವಲ್ಪ ಜರುಗಿ ಅಂದ. ಅತ್ತೆಗೆ ಎರಡೂ ಕಿವಿ ಕೇಳಲಿಲ್ಲ. ಜೋರಾಗಿ ಅಂದ. ಅತ್ತೆ, ಬಟಾಣಿ ಬೇಕಾ, ತಗೋ ಅಂದರು. ನನಗೆ ನಿಮ್ಮ ಮಗ ಹೇಳಿ ಕಳಿಸಿದ್ದಾರೆ ಅಂತ ಅವನು ಅಂಗಲಾಚಿದ. ನನ್ನ ಮಗ ಆಗಿದ್ರೆ ತಾನೇ ಬರ್ತಿದ್ದ, ಪೈಪು ಕಳಿಸ್ತಿರಲಿಲ್ಲ ಅಂತ ಅತ್ತೆ ಮತ್ತೆ ಬಟಾಣಿ ಸುಲಿಯತೊಡಗಿದರು. ಪಾಪ, ಬಿಸಿಲು ನೆತ್ತಿಗೆ ಬರುವ ತನಕ ಅವನೂ ಪಕ್ಕದಲ್ಲಿ ಕೂತು ಸುಲಿದ. ಊಟ ಹಾಕಿದೆ. ಹೊರಡುವಾಗ ಅವನು ಟ್ಯಾಂಕರಿನ ನಲ್ಲಿ ತಿರುಗಿಸಿ ಒಂದು ಹೂಜಿ ತುಂಬಿ, ನಿಮ್ಮ ಮಗ ಮಾಡಿದ್ದು, ರುಚಿ ನೋಡಿ ಅಂತ ಅತ್ತೆಯ ಕೈಗೆ ಕೊಟ್ಟು ಹೋದ. ಆ ಹೂಜಿಯನ್ನು ಕಪಾಟಿನ ಮೇಲೆ ಇಟ್ಟೆ. ಮುಟ್ಟಲಿಲ್ಲ.

ಮೇ ತಿಂಗಳು ಅರ್ಧ ಕಳೆದಿತ್ತು. ಒಂದು ದಿನ ಅತ್ತೆ ಕೆಳಗಿನಿಂದ ಕರೆದರು. ಹೋದೆ. ಅವರು ಪೀಪಾಯಿಯನ್ನು ತಬ್ಬಿಕೊಂಡು ನಿಂತಿದ್ದರು, ಕಿವಿಯನ್ನಲ್ಲ, ಕೆನ್ನೆಯನ್ನು ಒತ್ತಿಕೊಂಡು. ಕೇಳ್ತಿಲ್ಲ ಕಣೇ, ಆದ್ರೆ ಕೆನ್ನೆಗೆ ಕಚಗುಳಿ ಇಡ್ತಿದೆ ಅಂದರು. ನಾನು ಕಿವಿ ಇಟ್ಟೆ. ಚಿಟಿಚಿಟಿ. ಸಣ್ಣಗೆ, ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಮುಂಚಿನ ಸದ್ದಿನ ಹಾಗೆ. ಪಕ್ಕದ್ದಕ್ಕೆ ಇಟ್ಟೆ. ಅದೂ ಮಾತಾಡುತ್ತಿತ್ತು. ನಾವಿಬ್ಬರೂ ಒಂದರಿಂದ ಒಂದಕ್ಕೆ ಹುಚ್ಚರ ಹಾಗೆ ಓಡಾಡಿದೆವು. ನಾನು ಅತ್ತುಬಿಟ್ಟೆ. ಇದನ್ನು ನಿಮ್ಮಿಂದ ಮುಚ್ಚಿಡಬೇಕು ಎಂದುಕೊಂಡಿದ್ದೆ.

ನೀವು ಮಾತು ಕೊಟ್ಟಿದ್ದ ಹೋಟೆಲಿನ ಯಜಮಾನಿ ಕಳೆದ ವಾರ ತಾವೇ ಬೆಟ್ಟ ಹತ್ತಿ ಬಂದರು. ಹೇಳಿದ ಮಾಲು ಎಲ್ಲಿ ಅಂತ ಜಗಳಕ್ಕೇ ಬಂದವರು. ಕಾರಿನ ಬಾಗಿಲು ಹಾಕಿದ ಸದ್ದಿಗೇ ನಮ್ಮ ಬೆಕ್ಕು ಮಾಯವಾಯಿತು. ಕೊಟ್ಟ ಮಾತು ನನ್ನದಲ್ಲ, ಆದರೆ ವೈನ್ ನನ್ನದು, ಕೂತುಕೊಳ್ಳಿ ಅಂದೆ. ನೆಲಮಾಳಿಗೆಯ ತಣ್ಣಗಿನ ವೈನ್ ಕೊಟ್ಟೆ. ನೀವು ಮಾಡುತ್ತಿದ್ದ ಹಾಗೆ ಒಲೆ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಲಿಲ್ಲ. ಅವರು ಡಿಸೆಂಬರಿನ ಮುಖವನ್ನು ಮೊದಲೇ ಸಿದ್ಧ ಮಾಡಿಕೊಂಡು ಗ್ಲಾಸು ಎತ್ತಿದರು. ಕುಡಿದರು. ಇದಕ್ಕೆ ಮೈಕಟ್ಟೇ ಇಲ್ವಲ್ಲ ಅಂದರು. ಇನ್ನೊಂದು ಗುಟುಕು ಕುಡಿದು, ಇದನ್ನ ನಮ್ಮ ಹೋಟೆಲಿನ ಮದುವೆ ಹಾಲ್‌ನಲ್ಲಿ ಇಟ್ರೆ ಜನ ನನ್ನ ಉಗೀತಾರೆ ಅಂದರು. ಹೌದು, ಉಗೀಬಹುದು ಅಂದೆ. ಆಮೇಲೆ ಮಾತಾಡುತ್ತಾ, ಅತ್ತೆಯ ಮುಂದಿದ್ದ ಬ್ರೆಡ್ಡಿನ ತುಂಡು, ಹುರಿದ ಅಣಬೆ ಎರಡನ್ನೂ ತಮ್ಮದೇ ಎಂಬಂತೆ ಎಳೆದುಕೊಂಡು ತಿನ್ನತೊಡಗಿದರು. ಗ್ಲಾಸು ಖಾಲಿಯಾಯಿತು. ತಾವೇ ಬಗ್ಗಿಸಿಕೊಂಡರು. ಬಗ್ಗಿಸಿಕೊಂಡದ್ದು ಅವರಿಗೆ ಗೊತ್ತಾದಂತಿರಲಿಲ್ಲ.

ನಿಮ್ಮ ಕಥೆಗಳಲ್ಲಿ ಆಗುವ ಹಾಗೆ ಅವರು ಎಲ್ಲ ಪೀಪಾಯಿಯನ್ನೂ ಕೊಂಡು ನನ್ನ ಕೈ ಕುಲುಕಲಿಲ್ಲ. ಮದುವೆ ಹಾಲ್‌ಗೆ ನಿಮ್ಮ ಕಪ್ಪು ವೈನೇ ಬೇಕಂತೆ, ನಿಮ್ಮಿಂದ ನೇರವಾಗಿ ತರಿಸಿಕೊಳ್ಳುತ್ತಾರಂತೆ. ಆದರೆ ಊಟದ ಕೋಣೆಗೆ, ಚಳಿಗಾಲದ ತಿಂಗಳುಗಳಿಗೆ, ಇದನ್ನೇ, ಹೀಗೇ, ಏನೂ ಬೆರೆಸದೆ ಕಳಿಸಿ ಅಂದರು. ಇದು ಊಟ ಕೇಳುತ್ತೆ ಅಂದರು. ನನ್ನ ಅರ್ಧ ವೈನಿಗೆ ದಾರಿ ಆಯಿತು. ಉಳಿದರ್ಧ ಇಲ್ಲೇ ಇದೆ. ಯಾರೂ ಕೊಳ್ಳದಿದ್ದರೆ ನಾನೂ ಅತ್ತೆಯೂ ಕುಡಿಯುತ್ತೇವೆ. ನಿಮ್ಮ ಪತ್ರ ತರುವ ಅಂಚೆಯವನು ಮಾತ್ರ ಗ್ಲಾಸು ಕೊಟ್ಟರೆ ಈಗಲೂ ಮೂಗು ಹಿಡಿದುಕೊಂಡು ಓಡುತ್ತಾನೆ, ಎಲ್ಲರನ್ನೂ ಮೆಚ್ಚಿಸಲು ಅದೇನು ಲಾಡುವೇ?

ಈಗ ಗೆರೆಯ ವಿಷಯ. ನಾನೇ ಎಳೆದಿದ್ದೇನೆ. ಹೋದ ಭಾನುವಾರ ಗೂಟ ಹೊಡೆಸಿ ಹಗ್ಗ ಕಟ್ಟಿಸಿದೆ. ರಸ್ತೆ ಬದಿಯ ಕೆಳಗಿನ ಅರ್ಧ ನಿಮ್ಮದು. ಅಲ್ಲಿ ಬಿಸಿಲು ಜಾಸ್ತಿ, ನಿಮ್ಮ ಕಸಿಯವನು ಬಂದರೆ ಬಿಳಿ, ಹಳದಿ, ನೀಲಿ, ಏನು ಬೇಕಾದರೂ ಕಟ್ಟಲಿ, ನಾನು ತುಟಿ ಬಿಚ್ಚುವುದಿಲ್ಲ. ಮೇಲಿನ ಇಳಿಜಾರು ನನ್ನದು. ಅದರ ಒಂದು ಚಿಗುರಿಗೆ ಅವನ ಚಾಕು ತಾಗಿದರೂ, ನಿಮ್ಮ ತಾಯಿ ಈ ಸಲ ಬಟಾಣಿ ಬುಟ್ಟಿಯ ಜೊತೆ ಕುರ್ಚಿಯನ್ನು ತೋಟದ ಬೇಲಿಗೇ ಒಯ್ಯುತ್ತಾರೆ. ಕಾಗದ ಜೊತೆಯಲ್ಲಿದೆ. ಸಹಿ ಹಾಕಿ ಕಳಿಸಿ. ಹಾಕದಿದ್ದರೂ ಹಗ್ಗ ಅಲ್ಲೇ ಇರುತ್ತದೆ.

ಹುಳಿ ಎಂದಿರಿ, ತೆಳು ಎಂದಿರಿ, ತಡ ಎಂದಿರಿ. ಮೂರೂ ಹೌದು. ಮೂರನ್ನೂ ಬಾಟಲಿಯ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಇಂತಿ,
ಜಗ್ಗದವಳು

ತಾ.ಕ.: ಹೂಜಿ ಮುಟ್ಟಲಿಲ್ಲ ಅಂದದ್ದು ಸುಳ್ಳು. ಟ್ಯಾಂಕರ್ ತಿರುವು ದಾಟುವ ಮೊದಲೇ ಗ್ಲಾಸು ತಂದಿದ್ದೆ. ಬೈಯಲು ಸಾಮಗ್ರಿ ಬೇಕಿತ್ತು. ಮೊದಲ ಗುಟುಕಿಗೆ ಸಿಕ್ಕಿತು, ಶಾಯಿಯಂಥ ಬಣ್ಣ, ಬೇಯಿಸಿದ ಹಣ್ಣು, ಅದೇ ಹೆಗಲ ಮೇಲಿನ ಕೈ. ಎರಡನೆಯದಕ್ಕೂ ಅಷ್ಟೇ. ಮೂರನೆಯದನ್ನು ನುಂಗಿ ಗ್ಲಾಸು ಕೆಳಗಿಡುವಾಗ, ಆ ಸೆಕೆಯೆಲ್ಲ ಸರಿದ ಮೇಲೆ, ನಾಲಗೆಯ ಹಿಂದೆ ಒಂದು ಕಾಳು ಮೆಣಸು. ಸೊರಗಿ ಹೋಗಿತ್ತು, ಆದರೆ ಇತ್ತು. ಅದು ಯಾವ ಇಳಿಜಾರಿನದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅತ್ತೆಯ ಕೈಗೆ ಗ್ಲಾಸು ಕೊಟ್ಟೆ. ಅವರು ಕುಡಿದು, ನಾನು ಒಲೆಗೆ ಹಾಕಿಲ್ಲ ಅಂತ ಎಷ್ಟು ಸಲ ಹೇಳಿದ್ದೆ ಅಂದರು. ಆರು ವರ್ಷದ ಹಿಂದೆ ನೀನೇ ಆ ಕಡ್ಡಿಗಳ ಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಅಲ್ಲಿ ನೆಟ್ಟೆ, ಯಾರಿಗೂ ಹೇಳಲಿಲ್ಲ, ಅಲ್ಲವೇನೋ? ಆ ಬಳ್ಳಿಗೆ ಅಲ್ಲಿ ಬಾಳು ಕಷ್ಟ ಕಣೋ. ನೀನು ಒಯ್ದದ್ದು ಗೋಡೆ ಬದಿಯ ಕಟ್ಟು, ಅದು ನೆರಳಿನ ಸಾಲಿನ ಕಡ್ಡಿ. ಬಿಸಿಲು ತಡೆದುಕೊಳ್ಳುವುದು ತುದಿಯ ಸಾಲಿನದು. ಮುಂದಿನ ಚಳಿಗಾಲ ಸವರುವ ಹೊತ್ತಿಗೆ, ಹಾಡುಹಗಲಲ್ಲಿ, ಬಾಗಿಲು ತಟ್ಟಿ ಬಾ. ಹಗ್ಗದ ಈಚೆಗೆ ನಿಂತು ನಾನೇ ಆರಿಸಿ ಕೊಡುತ್ತೇನೆ. ಬರುವಾಗ ನನ್ನ ಛತ್ರಿ ತಾ.